ನೆಲ್ಲಿ ಮರಕ್ಕೆ ಕಟ್ಟಿದ ಹಗ್ಗ

ಅವರ್ಸಾದ ದಮಯಂತಿಬಾಯಿ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಮಳೆ ಬಂದರೆ ಮೋಡಕ್ಕೆ ಬುದ್ಧಿಯಿಲ್ಲ ಎನ್ನುತ್ತಾರೆ. ಬಿಸಿಲು ಬಂದರೆ, ಹಪ್ಪಳ ಒಣಗಿಸುವಾಗ ಇದು ಎಲ್ಲಿ ಸತ್ತಿತ್ತು ಎನ್ನುತ್ತಾರೆ. ಮನೆಮಾತು ಕೊಂಕಣಿ. ಗಂಡನನ್ನು ಹಂಗಿಸುವಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ಕೇರಿಯವರಿಗೆಲ್ಲ ಅರ್ಥವಾಗಲಿ ಎಂಬ ಕಾಳಜಿ.

ಹುಟ್ಟಿದ್ದು ಕದ್ವಾಡದಲ್ಲಿ. ಮದುವೆಯಾಗಿ ಅವರ್ಸಾಕ್ಕೆ ಬಂದಾಗ ಗಂಡ ಗಿರಿಧರ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದರು. ಈಗ ನಿವೃತ್ತರು, ಊರಿಗೆಲ್ಲ ಗಿರಿಧರ ಮಾಮ. ಸಿಟ್ಟಿಲ್ಲದ, ಎಲೆ-ಅಡಿಕೆಯೂ ಹಾಕದ ಮನುಷ್ಯ. ಇರುವುದು ಒಂದೇ ಚಟ, ರಿಪೇರಿ. ಅಡುಗೆಮನೆಯ ಗೋಡೆಗೆ ಅವರು ಹೊಡೆದ ಹಲಗೆ ಒಂದು ದಿನ ಮಿಡಿ ಉಪ್ಪಿನಕಾಯಿಯ ಭರಣಿ ಸಮೇತ ಕೆಳಗಿಳಿಯಿತು. ಬಚ್ಚಲಿನ ನೀರು ಹೊರಗೆ ಹೋಗಲೆಂದು ಅವರು ನೆಲವನ್ನು ಸರಿಮಾಡಿದ ಮೇಲೆ ನೀರು ಅಡುಗೆಮನೆಗೆ ಬರತೊಡಗಿತು. ಪ್ರತಿ ಸಲವೂ ತಪ್ಪು ಮೊಳೆಯದು, ಸಿಮೆಂಟಿನದು, ಇಲ್ಲವೇ ಭರಣಿಯದು. “ಇವರು ಕೈಯಿಟ್ಟದ್ದು ನಿಲ್ಲುದಿಲ್ಲ” ಎಂಬುದು ದಮಯಂತಿಬಾಯಿಯ ತೀರ್ಮಾನ. ಒಂದೇ ತೀರ್ಮಾನವನ್ನು ಇಷ್ಟು ವರ್ಷ, ಇಷ್ಟು ಬಗೆಯ ವಸ್ತುಗಳ ಮೇಲೆ ಪರೀಕ್ಷಿಸಿ ನೋಡಿದವರು ಪ್ರಯೋಗಶಾಲೆಗಳಲ್ಲೂ ಕಡಿಮೆ.

ಗಿರಿಧರ ಮಾಮ ನಮ್ಮ ಕೇರಿಯ ವನಭೋಜನದ ಅಧ್ಯಕ್ಷರೂ ಹೌದು. ಕಾರ್ತಿಕ ಮಾಸದಲ್ಲಿ, ತುಳಸಿ ಮದುವೆ ಆದ ಮೇಲೆ ಒಂದು ಭಾನುವಾರ ಎಲ್ಲರೂ ಗುಡ್ಡದ ಬುಡಕ್ಕೆ ಹೋಗಿ, ನೆಲ್ಲಿ ಮರಕ್ಕೆ ಪೂಜೆ ಮಾಡಿ, ಅಲ್ಲೇ ಅಡುಗೆ ಮಾಡಿ ಪಂಕ್ತಿಯಲ್ಲಿ ಉಣ್ಣುವುದು ವಾಡಿಕೆ. ಜಾಗ ಸತೀಶನ ಗೇರುಗುಡ್ಡದ ಬುಡ. ಅಲ್ಲೊಂದು ಹಳೆಯ ನೆಲ್ಲಿ ಇರುವುದರಿಂದ ಅದಕ್ಕೆ ನೆಲ್ಲಿಬುಡ ಎಂದೇ ಹೆಸರು. ಸತೀಶನಿಗೆ ಅಂಕೋಲೆಯಲ್ಲಿ ಹಾರ್ಡ್‌ವೇರ್ ಅಂಗಡಿ. ವನಭೋಜನಕ್ಕೆ ಅವನು ಕಾರ್ಯದರ್ಶಿ. ಗಿರಿಧರ ಮಾಮ ಅಧ್ಯಕ್ಷರಾದಾಗಿನಿಂದ ವನಭೋಜನ ಒಂದು ವರ್ಷವೂ ತಪ್ಪಿಲ್ಲ, ಜಾಗ ಬದಲಾಗಿಲ್ಲ. ಅವರು ಮಾಡಿದ್ದರಲ್ಲಿ ಕೆಡದೆ ಉಳಿದದ್ದು ಇದೊಂದೇ. ಹಾಗಾಗಿ ಅದರ ಮೇಲೆ ಅವರಿಗೆ ವಿಪರೀತ ಪ್ರೀತಿ.

ಆ ವರ್ಷ ಸಮಿತಿಗೆ ಒಂದು ಯೋಚನೆ ಬಂತು. ವಯಸ್ಸಾದವರಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ. ಆದ್ದರಿಂದ ಕಾಡಿನಲ್ಲಿ ಉಣ್ಣುವ ಸುಖಕ್ಕಾಗಿ ಕಾಡನ್ನು ಸ್ವಲ್ಪ ತೆಗೆಯಬೇಕು. ನವರಾತ್ರಿ ಮುಗಿದ ವಾರ ಜೆಸಿಬಿ ಬಂತು. ಗುಡ್ಡದ ಬುಡವನ್ನು ಕೆತ್ತಿ ಟೇಬಲ್-ಕುರ್ಚಿ ಹಾಕುವಷ್ಟು ಸಪಾಟು ಮಾಡಿತು. ನೆಲ್ಲಿ ಪವಿತ್ರ, ಮುಟ್ಟಬಾರದು ಎಂದು ಮರವನ್ನು ಬಿಟ್ಟು ಅದರ ಎದುರಿನ ಮಣ್ಣನ್ನಷ್ಟೇ ತೆಗೆದರು. ಈಗ ಎರಡಾಳೆತ್ತರದ ಕೆಂಪು ಮಣ್ಣಿನ ಗೋಡೆ, ಗೋಡೆಯ ಅಂಚಿನಲ್ಲಿ ಮರ, ಕೆಳಗೆ ಊಟದ ಅಂಗಳ.

“ಇಷ್ಟು ವರ್ಷ ನೆಲ್ಲಿಯ ಪಕ್ಕ ಉಣ್ತಿದ್ವಿ. ಈಗ ನಿಜವಾಗಿ ನೆಲ್ಲಿಯ ಕೆಳಗೆ!” ಎಂದರು ಗಿರಿಧರ ಮಾಮ.

“ಕಾಡಿಗೆ ಹೋಗಿ ಕುರ್ಚಿ ಮೇಲೆ ಕೂರುದಾದ್ರೆ ಮನೆಯಲ್ಲಿ ಎಂತ ಮುಳ್ಳಿತ್ತಾ?” ಎಂದರು ದಮಯಂತಿಬಾಯಿ. ಆ ಹೊತ್ತಿಗೆ ಅದು ಬರೀ ಹಂಗಿಸುವ ಮಾತು.

ತುಳಸಿ ಮದುವೆಯ ಮರುದಿನ ಮಳೆ ಹಿಡಿಯಿತು. ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಟೀವಿಯವರು ಹೇಳಿದರು. ಬೆಳಗ್ಗೆ ಹೊದ್ದು ಮಲಗಬೇಕಾದ ಕಾಲದಲ್ಲಿ ಫ್ಯಾನ್ ಹಾಕಿಕೊಂಡು ಬೆವರುವಂಥ ಬೆಚ್ಚಗಿನ ಮಳೆ. ಹಗಲೂ ರಾತ್ರಿ, ನಾಲ್ಕು ದಿನ. ಗದ್ದೆಯಲ್ಲಿ ಕೊಯ್ದಿಟ್ಟ ಭತ್ತ ಮೊಳಕೆಯೊಡೆಯಿತು. ಅದರ ಬಗ್ಗೆ ಎಲ್ಲರೂ ಮಾತಾಡಿದರು. ಗುಡ್ಡದ ಬಗ್ಗೆ ಯಾರೂ ಆಡಲಿಲ್ಲ. ಗುಡ್ಡ ಕುಸಿಯುವುದು ಜುಲೈನಲ್ಲಿ ಎಂದು ಎಲ್ಲರಿಗೂ ಗೊತ್ತಿದೆ. ಅದು ಗುಡ್ಡಕ್ಕೂ ಗೊತ್ತಿದೆ ಎಂದು ನಮ್ಮವರ ನಂಬಿಕೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಗುಡ್ಡಗಳ ಮೇಲ್ಪದರ ಚಿರೇಕಲ್ಲು ಮತ್ತು ಅದರ ಮಣ್ಣು. ತೂತು ತೂತಾದದ್ದು, ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಅದರಡಿಯಲ್ಲಿ ಹಲವು ಕಡೆ ಶೇಡಿ ಮಣ್ಣಿನ ಪದರವಿದೆ. ಮೊದಲೆಲ್ಲ ಗೋಡೆಗೆ ಬಳಿಯುತ್ತಿದ್ದರಲ್ಲ, ಅದೇ ನುಣ್ಣನೆಯ ಬಿಳಿ ಮಣ್ಣು. ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಎರಡರ ನಡುವೆ ನೀರು ನಿಂತರೆ ಮೇಲಿನ ಮಣ್ಣೆಲ್ಲ ಒದ್ದೆ ಬಚ್ಚಲುಕಲ್ಲಿನ ಮೇಲೆ ಇಟ್ಟ ಸೋಪಿನಂತೆ. ಅದನ್ನು ಜಾರದಂತೆ ತಡೆದು ನಿಲ್ಲಿಸಿರುವುದು ಬುಡದ ಮಣ್ಣು. ಹಿಮ ಬೀಳುವ ನಾಡುಗಳಲ್ಲೂ ಚಳಿಗಾಲದ ನಡುವೆ ಬೆಚ್ಚಗಿನ ಮಳೆ ಸುರಿದರೆ ಬೆಟ್ಟದ ಮೇಲಿನ ಹಿಮ ಹೀಗೆಯೇ ಒಳಗಿಂದ ಸಡಿಲಾಗಿ ಇಡಿಯಾಗಿ ಜಾರುತ್ತದಂತೆ. ಅಲ್ಲಿಯೂ ಜನ ಹೋಗಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ತಮಗೆ ಚೆನ್ನಾಗಿ ಪರಿಚಯವಿರುವ ಜಾಗಗಳಲ್ಲಿ.

ದಮಯಂತಿಬಾಯಿಗೆ ಇದು ಯಾವುದೂ ಗೊತ್ತಿರಲಿಲ್ಲ. ಗುರುವಾರ ಮಳೆ ಸ್ವಲ್ಪ ಬಿಟ್ಟಾಗ, ಮನೆಗೆಲಸಕ್ಕೆ ಬರುವ ನಾಗುವನ್ನು ಕರೆದುಕೊಂಡು ನೆಲ್ಲಿಬುಡ ಗುಡಿಸಲು ಹೋದರು. ಅಂಗಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಮೇಲಿಂದ ಅಲ್ಲ, ಗೋಡೆಯ ಬುಡದಿಂದ.

“ಚಲೋ ಆಯ್ತಲ್ರಾ ಬಾಯಿ,” ಎಂದಳು ನಾಗು. “ಪಾತ್ರೆ ತೊಳೀಲಿಕ್ಕೆ ಹೊಳೆಗೆ ಹೋಗುದು ಬ್ಯಾಡ. ನೀರು ಇಲ್ಲೇ ಬಂದದೆ.”

“ನಿಂಗೆ ಪಾತ್ರೆ ತೊಳೆಯುದೊಂದೇ ಚಿಂತೆ. ಮರ ನೋಡು.”

ನೆಲ್ಲಿ ಮರ ಅಂಗಳದ ಕಡೆಗೆ ವಾಲಿತ್ತು. ದಮಯಂತಿಬಾಯಿ ಸೀರೆ ಎತ್ತಿಕಟ್ಟಿ ಪಕ್ಕದ ಕಾಲುದಾರಿಯಿಂದ ಮೇಲೆ ಹತ್ತಿದರು. ಮರದ ಹಿಂದೆ ಗೇರುಗಿಡಗಳ ನಡುವೆ ನೆಲ ಉದ್ದಕ್ಕೆ ಬಿರಿದಿತ್ತು. ಎಷ್ಟು ಆಳವಿರಬಹುದೆಂದು ಕೈಯಲ್ಲಿದ್ದ ಕಡ್ಡಿಹಿಡಿಯನ್ನು ತೂರಿಸಿದರು. ಅಂಗಳ ಗುಡಿಸಲೆಂದು ತಾವೇ ತೆಂಗಿನ ಗರಿ ಸೀಳಿ ಕಟ್ಟಿದ್ದ ಹೊಸ ಹಿಡಿ. ಕೈ ತಪ್ಪಿತು, ಹಿಡಿ ಹೋಯಿತು. ಬಿದ್ದ ಸದ್ದೂ ಕೇಳಲಿಲ್ಲ.

ಕೆಳಗಿಳಿದು ಬರುವಾಗ ಅವರ ಮನಸ್ಸಿನಲ್ಲಿದ್ದದ್ದು ಗುಡ್ಡವಲ್ಲ, ಉಪ್ಪಿನಕಾಯಿಯ ಹಲಗೆ. ಅದೂ ಬೀಳುವ ಮೊದಲು ಹೀಗೇ ಸ್ವಲ್ಪ ವಾಲಿತ್ತು. ಗೋಡೆಯಿಂದ ಹೀಗೇ ಒಂದು ಬೆರಳು ಬಿಟ್ಟುಕೊಂಡಿತ್ತು. ಗುಡ್ಡದ ವಿಷಯ ಅವರಿಗೆ ತಿಳಿಯದು. ಆದರೆ ಈ ಗುಡ್ಡಕ್ಕೆ ಗಿರಿಧರ ಕೈಯಿಟ್ಟಿದ್ದರು.

ಸಂಜೆ ಅವರ ಮನೆಯ ಜಗಲಿಯಲ್ಲೇ ಸಮಿತಿ ಸೇರಿತು. ದಮಯಂತಿಬಾಯಿ ಚಹಾ ತಂದಿಟ್ಟು ಒಳಗೆ ಹೋಗದೆ ಅಲ್ಲೇ ನಿಂತರು.

“ಈ ಸಲ ಅಲ್ಲಿ ಬೇಡ. ಗುಡ್ಡ ಬರ್ತದೆ.”

“ಎಲ್ಲಿಗೆ ಬರ್ತದೆ? ಊಟಕ್ಕಾ?” ಎಂದ ಸತೀಶ. ಎಲ್ಲರೂ ನಕ್ಕರು.

“ನೀ ನಗು ಮಾರಾಯ. ನಿನ್ನ ಅಂಗಡಿಯಲ್ಲಿ ಸಲಿಕೆ ಅದೆಯಲ್ಲ, ಆಮೇಲೆ ತೋಡ್ಲಿಕ್ಕೆ ಆಗ್ತದೆ.”

ಸತೀಶ ಫೋನ್ ತೆಗೆದು ತೋರಿಸಿದ. “ನೋಡಿ ಬಾಯಿ, ಭಾನುವಾರ ಸೂರ್ಯ. ಪೂರ್ತಿ ಸೂರ್ಯ. ಮಳೆ ಇಲ್ಲದಿದ್ರೆ ಗುಡ್ಡ ಹೇಗೆ ಬೀಳ್ತದೆ?”

ಮಳೆ ನಿಂತ ದಿನವೇ ಗುಡ್ಡದ ಒಳಗಿನ ನೀರೂ ಇಂಗಿಹೋಗುತ್ತದೆ ಎಂದು ಸತೀಶನ ಫೋನ್ ಹೇಳಿರಲಿಲ್ಲ. ಅದನ್ನು ಸತೀಶನೇ ಸೇರಿಸಿದ್ದು.

ಗಿರಿಧರ ಮಾಮ ಕನ್ನಡಕ ಒರೆಸಿಕೊಂಡು ಕೊನೆಯ ಮಾತು ಹೇಳಿದರು. “ಆಷಾಢದಲ್ಲಿ ಅಷ್ಟು ಮಳೆ ಬಂತು, ಬೀಳಲಿಲ್ಲ. ಆಷಾಢದಲ್ಲಿ ಬೀಳದ ಗುಡ್ಡ ಕಾರ್ತಿಕದಲ್ಲಿ ಬೀಳ್ತದಾ?”

ಸಭೆ ತಲೆದೂಗಿತು. ಕೇಳಲು ಚೆನ್ನಾಗಿರುವ ಮಾತು. ಆಷಾಢದಲ್ಲಿ ಜೆಸಿಬಿ ಬಂದಿರಲಿಲ್ಲ ಎಂಬುದು ಸಭೆಯಲ್ಲಿದ್ದ, ಎಲ್ಲರೂ ಓದುಬರಹ ಬಲ್ಲ ಆ ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

“ಆ ಬಚ್ಚಲೂ ಹೀಗೇ,” ಎಂದರು ದಮಯಂತಿಬಾಯಿ. “ನಿಮ್ಮ ಕೈ ಬೀಳುವ ತನಕ ಸರಿ ಇತ್ತು.”

“ಅದು ಸಿಮೆಂಟಿನ ತಪ್ಪು!”

ಆದರೂ ಸಮಿತಿ ಅವರ ದೂರನ್ನು ತಳ್ಳಿಹಾಕಲಿಲ್ಲ ಎಂದು ನ್ಯಾಯವಾಗಿ ಹೇಳಬೇಕು. ಮರುದಿನ ಸತೀಶನ ಅಂಗಡಿಯಿಂದ ನೈಲಾನ್ ಹಗ್ಗ ತಂದರು. ಹಾರವಾಡದ ಮೀನುಗಾರರು ದೋಣಿಗೆ ಕಟ್ಟಲು ಒಯ್ಯುವಂಥ ದಪ್ಪನೆಯ ನೀಲಿ ಹಗ್ಗ. ಅದನ್ನು ನೆಲ್ಲಿಯ ಕಾಂಡಕ್ಕೆ ಸುತ್ತಿ, ಮೇಲಿನ ಗೇರುಮರಕ್ಕೆ ಬಿಗಿದು, ಆರು ಜನ “ಹೋ ಐಸಾ” ಎಂದು ಎಳೆದು ಮರವನ್ನು ನೆಟ್ಟಗೆ ಮಾಡಿದರು. ಬಿರುಕಿನೊಳಗೆ ಒಣ ಎಲೆ, ಮಣ್ಣು ತುಂಬಿ ಕಾಲಿನಿಂದ ಮೆಟ್ಟಿದರು. ಮರ ವಾಲಿತ್ತು, ಈಗ ವಾಲಿಲ್ಲ. ನೆಲ ಬಿರಿದಿತ್ತು, ಈಗ ಕಾಣುವುದಿಲ್ಲ. ಜ್ವರ ಬಂದವನ ಬಾಯಿಂದ ಥರ್ಮಾಮೀಟರ್ ತೆಗೆದು ತಣ್ಣೀರಿನಲ್ಲಿ ಅದ್ದಿ, ಗುಣವಾಯಿತು ಎಂದು ಮನೆಗೆ ಕಳಿಸಿದ ಹಾಗೆ. ಮರವನ್ನು ಕಟ್ಟಿದ ಗೇರುಮರವೂ ಅದೇ ಗುಡ್ಡದ್ದು, ಅದೇ ಸೋಪಿನ ಮೇಲಿನದು.

ಶನಿವಾರ ಸೊಸೆ ಅಮಿತಾ ಕಾರವಾರದಿಂದ ಮಗಳು ಮಾನಸಾಳನ್ನು ಕರೆದುಕೊಂಡು ಬಂದಳು. ಮಾನಸಾ ಒಂದನೇ ಕ್ಲಾಸು. ಅಜ್ಜ ಅವಳಿಗೆ ಹಗ್ಗದ ಕಥೆಯನ್ನೆಲ್ಲ ಹೇಳಿ, “ಮಕ್ಕಳಿಗೆ ಮೊದಲ ಪಂಕ್ತಿ, ಗೋಡೆಗೆ ತಾಗಿ. ಅಲ್ಲಿ ಬಿಸಿಲೇ ಬರುದಿಲ್ಲ” ಎಂದು ಆಸೆ ಹುಟ್ಟಿಸಿದರು.

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ದಮಯಂತಿಬಾಯಿಯ ಕೈ ನಿಂತಿತು.

ಅಮಿತಾ ತಗ್ಗಿದ ದನಿಯಲ್ಲಿ ಹೇಳಿದಳು: “ಮಾಂಯ, ನಾವು ಹೋಗುದು ಬೇಡ. ಮಾನಸಾಗೆ ಥಂಡಿ ಆಗಿದೆ ಅಂತ ಹೇಳುವಾ.”

“ನಮ್ಮ ಮಗುವಿಗೆ ಥಂಡಿ. ಊರ ಮಕ್ಕಳೆಲ್ಲ ಆ ಗೋಡೆಯ ಬುಡದಲ್ಲಿ. ಚಲೋ ಉಪಾಯ.” ತುರಿಯುವ ಮಣೆ ಮತ್ತೆ ಸದ್ದು ಮಾಡಿತು. “ಓದಿದವಳು ನೀನು. ಇನ್ನೂ ಸ್ವಲ್ಪ ಯೋಚನೆ ಮಾಡು.”

ಅಮಿತಾ ಯೋಚನೆ ಮಾಡಿದಳೋ ಇಲ್ಲವೋ, ದಮಯಂತಿಬಾಯಿ ಮಾಡಿದರು. ವನಭೋಜನದ ದೊಡ್ಡ ಪಾತ್ರೆಗಳೆಲ್ಲ ಇರುವುದು ಅವರ ಮನೆಯ ಕೊಟ್ಟಿಗೆಯಲ್ಲಿ. ದಿನಸಿ ತಂದು ಇಳಿಸಿದ್ದೂ ಅಲ್ಲೇ.

ಭಾನುವಾರ ಬೆಳಕು ಹರಿಯುವಾಗ ಅಡುಗೆಯ ಸುಬ್ಬಣ್ಣ ಟೆಂಪೋ ತೆಗೆದುಕೊಂಡು ಪಾತ್ರೆ ಒಯ್ಯಲು ಬಂದ. ಮನೆಯ ಅಂಗಳದಲ್ಲಿ ಚಿರೇಕಲ್ಲು ಇಟ್ಟು ಎರಡು ಒಲೆ ಹೂಡಿಯಾಗಿತ್ತು. ಒಂದರ ಮೇಲೆ ದಾಳಿತೋಯದ ಬೇಳೆ ಕೊತಕೊತ ಬೇಯುತ್ತಿತ್ತು, ಇನ್ನೊಂದರ ಮೇಲೆ ಮಡಗಣೆ ಪಾಯಸಕ್ಕೆ ಬೆಲ್ಲ ಕರಗುತ್ತಿತ್ತು. ಅಮಿತಾ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಸೌದೆ ನೂಕುತ್ತಿದ್ದಳು.

ಗಿರಿಧರ ಮಾಮ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. “ಇದೆಂತ ಮಾಡ್ತಿದ್ದಿ?”

“ವನಭೋಜನ.”

“ಇಲ್ಲಿ?”

“ಬೇಳೆಗೆ ಎಲ್ಲಿ ಬೇಯ್ತಿದ್ದೇನೆ ಅಂತ ಗೊತ್ತಾಗುದಿಲ್ಲ. ಅದಕ್ಕೂ ನಿಮ್ಮಷ್ಟೇ ಬುದ್ಧಿ.”

“ಸುಬ್ಬಣ್ಣ, ಎತ್ತು ಪಾತ್ರೆ. ಟೆಂಪೋಕ್ಕೆ ಹಾಕು.”

ಸುಬ್ಬಣ್ಣ ಕುದಿಯುವ ಹಂಡೆಯನ್ನೊಮ್ಮೆ ನೋಡಿದ, ತನ್ನ ಕಾಲನ್ನೊಮ್ಮೆ ನೋಡಿದ. “ಬೆಂದ ಬೇಳೆ ಟೆಂಪೋದಲ್ಲಿ ಹೋಗುದಿಲ್ಲ ಮಾಮ. ತುಳುಕ್ತದೆ.”

“ನೆಲ್ಲಿ? ನೆಲ್ಲಿ ಇಲ್ಲದೆ ವನಭೋಜನವಾ?”

ದಮಯಂತಿಬಾಯಿ ಸೌಟಿನಿಂದ ತುಳಸಿಕಟ್ಟೆಯ ಕಡೆಗೆ ತೋರಿಸಿದರು. ಮದುವೆಯ ದಿನ ತುಳಸಿಯ ಪಕ್ಕ ನೆಟ್ಟಿದ್ದ ನೆಲ್ಲಿಯ ಟೊಂಗೆ ಕಾಯಿಗಳ ಸಮೇತ ಇನ್ನೂ ಅಲ್ಲೇ ಇತ್ತು. ಮಳೆಗೆ ಬಾಡಿಯೂ ಇರಲಿಲ್ಲ.

“ಮದುವೆಗೆ ಆಗ್ತದೆ, ಊಟಕ್ಕೆ ಆಗುದಿಲ್ಲವಾ?”

ಪೂಜೆಯ ಭಟ್ಟರು ಬಂದಾಗ ಎರಡೂ ಕಡೆಯವರು ಅವರ ಮುಖ ನೋಡಿದರು. ಭಟ್ಟರಿಗೆ ಮಂಡಿನೋವು. “ಶಾಸ್ತ್ರಕ್ಕೆ ನೆಲ್ಲಿ ಬೇಕು. ಗುಡ್ಡ ಬೇಕು ಅಂತ ಎಲ್ಲೂ ಇಲ್ಲ” ಎಂದು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಜನ ಬಂದರು, ನೆಲ್ಲಿಬುಡಕ್ಕೆ ಹೋದವರು ವಾಪಸು ಬಂದರು. ಎಲ್ಲರೂ ಗೊಣಗಿದರು. ಅಧ್ಯಕ್ಷರ ಮನೆಯ ಅಂಗಳವನ್ನು ಯಾವ ವನ ಎನ್ನುವುದು ಎಂದು ಸತೀಶ ಕೇಳಿದ. ಇನ್ನೊಬ್ಬರು ಬಟ್ಟೆ ಒಣಗಿಸುವ ತಂತಿಯನ್ನು ತೋರಿಸಿ ಬಳ್ಳಿ ಎಂದರು. ದಮಯಂತಿಬಾಯಿಯ ಗುಡ್ಡದ ಭಯದ ಬಗ್ಗೆ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಜೋಕುಗಳಾದವು. ಮಡಗಣೆಯನ್ನು ಮಾತ್ರ ಯಾರೂ ಒಂದೇ ಸಲಕ್ಕೆ ಸಾಕೆನ್ನಲಿಲ್ಲ. ಮಕ್ಕಳ ಪಂಕ್ತಿ ತುಳಸಿಕಟ್ಟೆಯ ಸುತ್ತ. ಮಾನಸಾ ನೆಲ್ಲಿಯ ಟೊಂಗೆಯಿಂದ ಕಾಯಿ ಕಿತ್ತು ತಿಂದು, ಹುಳಿಗೆ ಮುಖ ಕಿವುಚಿ, ನೀರು ಕುಡಿದು ಸಿಹಿ ಎಂದು ಕುಣಿದಳು.

ಅಧ್ಯಕ್ಷರು ಇರಲಿಲ್ಲ. ಒಂದು ಬಾಳೆಲೆ ಹಿಡಿದು ಸ್ಕೂಟರ್ ಹತ್ತಿ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಸಮಿತಿಯ ಗ್ರೂಪಿಗೆ ಫೋಟೋ ಬಂತು. ನೆಲ್ಲಿಬುಡದ ಅಂಗಳದಲ್ಲಿ, ಗೋಡೆಗೆ ಬೆನ್ನು ಹಾಕಿ, ಕುರ್ಚಿಯ ಮೇಲೆ ಒಬ್ಬರೇ ಕುಳಿತ ಗಿರಿಧರ ಮಾಮ. ಮುಂದೆ ಖಾಲಿ ಎಲೆ. ಕೆಳಗೆ ಬರೆದಿತ್ತು: ‘ಗುಡ್ಡ ಇನ್ನೂ ಬಿದ್ದಿಲ್ಲ. ವನಭೋಜನ ಇಲ್ಲಿಯೇ.’

ಅಮಿತಾ ಸತೀಶನ ಫೋನ್ ಇಸಿದುಕೊಂಡು ಅತ್ತೆಗೆ ತೋರಿಸಿದಳು. ದಮಯಂತಿಬಾಯಿ ಫೋಟೋವನ್ನು ದೊಡ್ಡದು ಮಾಡಿ ಮುಖ ನೋಡಲಿಲ್ಲ, ಮುಖದ ಹಿಂದಿನ ಗೋಡೆ ನೋಡಿದರು. ನೀರು ಗುರುವಾರಕ್ಕಿಂತ ಮೇಲಿನಿಂದ ಒಸರುತ್ತಿತ್ತು. ಬಡಿಸುತ್ತಿದ್ದ ಸೌಟನ್ನು ನಾಗುವಿನ ಕೈಗೆ ಕೊಟ್ಟು, ಡಬ್ಬಿಗೆ ಅನ್ನ, ದಾಳಿತೋಯ, ಮಡಗಣೆ ತುಂಬಿ, ಸುಬ್ಬಣ್ಣನ ಟೆಂಪೋ ಹತ್ತಿದರು.

ನೆಲ್ಲಿಬುಡದ ಒಳಗೆ ಅವರು ಹೋಗಲಿಲ್ಲ. ಅಂಗಳದಿಂದ ಸಾಕಷ್ಟು ದೂರ, ರಸ್ತೆಯ ಮೋರಿಯ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಕುಳಿತರು.

“ಊಟ ಬಂದದೆ,” ಎಂದು ಕೂಗಿದರು.

“ಇಲ್ಲಿಗೆ ತಾ. ವನಭೋಜನ ಇಲ್ಲಿ.”

“ನಾನು ಬರುದಿಲ್ಲ. ನಿಮಗೆ ಬೇಕಾದ್ರೆ ಎದ್ದು ಬನ್ನಿ.”

“ನಾನೂ ಬರುದಿಲ್ಲ.”

ಹೀಗೆ ಇಬ್ಬರೂ ಕುಳಿತರು. ಬಿಸಿಲು ಚುರುಕಾಗಿತ್ತು. ಸತೀಶನ ಫೋನ್ ಹೇಳಿದ ಹಾಗೆಯೇ ಪೂರ್ತಿ ಸೂರ್ಯ. ಸುಬ್ಬಣ್ಣ ಟೆಂಪೋದ ನೆರಳಿನಲ್ಲಿ ನಿಂತು, ಯಾರ ಪರ ವಹಿಸಿದರೆ ಮುಂದಿನ ವರ್ಷವೂ ಅಡುಗೆಗೆ ಕರೆದಾರು ಎಂದು ಯೋಚಿಸುತ್ತಿದ್ದ. ದಮಯಂತಿಬಾಯಿ ಡಬ್ಬಿಯ ಮುಚ್ಚಳ ತೆಗೆದರು. ಏಲಕ್ಕಿಯ ಪರಿಮಳ ಅಷ್ಟು ದೂರ ಹೋಗುವುದು ಕಷ್ಟ. ಆದರೆ ಮುಚ್ಚಳದ ಸದ್ದು ಹೋಯಿತು.

“ಮಡಗಣೆ ಮುಗಿದ್ಹೋಗ್ತಾ ಅದೆ. ನಾನೇ ತಿನ್ತಾ ಇದ್ದೇನೆ. ಗೇರುಬೀಜ ನೆನೆಸಿ ಹಾಕಿದ್ದೆ.”

ಆಗ ಗೋಡೆಯ ಮೇಲಿಂದ ಒಂದು ಹಿಡಿ ಮಣ್ಣು ಉದುರಿತು. ಹೆಚ್ಚೇನಿಲ್ಲ, ಒಂದು ಹಿಡಿ. ಗಿರಿಧರ ಮಾಮನ ಖಾಲಿ ಎಲೆಯ ಮೇಲೆ ಬಿತ್ತು. ಅವರು ಅದನ್ನು ಕೊಡವಿದರು. ಮೇಲೆ ನೋಡಿದರು. ನೀಲಿ ಹಗ್ಗ ವೀಣೆಯ ತಂತಿಯಂತೆ ಬಿಗಿದಿತ್ತು. ಶುಕ್ರವಾರ ತಾವೇ ಕಟ್ಟುವಾಗ ಅಷ್ಟು ಬಿಗಿ ಇರಲಿಲ್ಲ. ಎಲೆ ಮಡಚಿ ಎದ್ದರು. ಅವಸರವಿಲ್ಲದವರ ಹಾಗೆ ನಡೆಯಲು ನೋಡಿದರು. ಕೊನೆಯ ಹತ್ತು ಮಾರು ಓಡಿದರು.

ಮೋರಿಯ ಕಟ್ಟೆಯ ಮೇಲೆ ಕುಳಿತು ಉಣ್ಣುವಾಗ ಅವರು ಹೇಳಿದ್ದು ಇಷ್ಟೇ: “ಬಿಸಿಲು ಜಾಸ್ತಿ ಆಯ್ತು. ಅದಕ್ಕೆ ಬಂದೆ.”

“ಹೌದಲ್ಲ. ಸೂರ್ಯನ ತಪ್ಪು,” ಎಂದು ದಮಯಂತಿಬಾಯಿ ಇನ್ನಷ್ಟು ಮಡಗಣೆ ಹಾಕಿದರು. ಸುಬ್ಬಣ್ಣನಿಗೂ ಕೊಟ್ಟರು.

ಅಂದು ಗುಡ್ಡ ಬೀಳಲಿಲ್ಲ. ಸೋಮವಾರವೂ ಬೀಳಲಿಲ್ಲ. ಮೀನು ಮಾರುಕಟ್ಟೆಯಲ್ಲಿ, ಬಸ್ ಸ್ಟಾಪಿನಲ್ಲಿ ದಮಯಂತಿಬಾಯಿ ಕಂಡಲ್ಲೆಲ್ಲ “ಬಾಯಿ, ಗುಡ್ಡ ಎಲ್ಲಿಯ ತನಕ ಬಂತು?” ಎಂದು ಜನ ಕೇಳತೊಡಗಿದರು. ಬೀಳದೆ ಇದ್ದದ್ದು ಅಪಾಯ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಕುಡಿದು ಹೈವೇ ದಾಟಿದವನು ಬದುಕಿ ಬಂದರೆ ಕುಡಿದು ದಾಟುವುದು ಕ್ಷೇಮ ಎಂದಾಗುವುದಿಲ್ಲ. ಆದರೆ ನಗುವವರಿಗೆ ಸಾಕ್ಷಿ ಬೇಕಿರಲಿಲ್ಲ. ದಮಯಂತಿಬಾಯಿ ಮೀನಿನ ಕಿವಿರು ಎತ್ತಿ ನೋಡಿ, “ಇದೂ ನಿನ್ನ ಹಾಗೇ, ಮೊನ್ನೆಯದು” ಎಂದು ಮುಂದೆ ಹೋಗುತ್ತಿದ್ದರು.

ಆ ವಾರ ಮುಗಿಯುವ ಮೊದಲು, ಮೋಡದ ತುಣುಕೂ ಇಲ್ಲದ ಒಂದು ಮಧ್ಯಾಹ್ನ, ನೆಲ್ಲಿಬುಡದ ಗುಡ್ಡ ಇಳಿಯಿತು. ಸದ್ದು ಹೆದ್ದಾರಿಯವರೆಗೆ ಕೇಳಿತು. ಹೋಗಿ ನೋಡಿದರೆ ಊಟದ ಅಂಗಳ ಇರಲಿಲ್ಲ. ಕೆಂಪು ಮಣ್ಣು, ಬಿಳಿ ಶೇಡಿ, ಗೇರುಮರ, ನೆಲ್ಲಿಮರ ಎಲ್ಲ ಒಟ್ಟಿಗೆ ಮಲಗಿದ್ದವು. ಎರಡು ಮರಗಳ ನಡುವೆ ಹಗ್ಗ ಹಾಗೇ ಇತ್ತು. ಗಂಟು ಬಿಚ್ಚಿರಲಿಲ್ಲ. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಪೇಪರಿನಲ್ಲಿ ಬರಲಿಲ್ಲ.

ಊರವರು ಏನೆಂದರು? ಸತೀಶ ತನ್ನ ಅಂಗಡಿಯ ಹಗ್ಗದ ಗಟ್ಟಿತನವನ್ನು ಬಂದವರಿಗೆಲ್ಲ ತೋರಿಸಿದ. ಅಷ್ಟು ಜನ ಭಾನುವಾರ ಆ ಗೋಡೆಯ ಬುಡ ಬಿಟ್ಟು ದಮಯಂತಿಬಾಯಿಯ ಅಂಗಳದಲ್ಲಿ ಉಂಡದ್ದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ದೇವರು ದೊಡ್ಡವನು ಎಂದರು. ಗಿರಿಧರ ಮಾಮ ಜಗಲಿಯಲ್ಲಿ ಸಮಿತಿಯವರ ಮುಂದೆ ಗಂಭೀರವಾಗಿ ಹೇಳಿದರು: “ನಾನು ಹೇಳಿದ್ದೆನಲ್ಲ, ವನಭೋಜನದ ದಿನ ಬೀಳುದಿಲ್ಲ ಅಂತ.” ಸಭೆ ಮತ್ತೆ ತಲೆದೂಗಿತು.

ಸಭೆ ಮುಗಿದ ಮೇಲೆ ಅವರು ಹಿತ್ತಿಲಿಗೆ ಹೋಗಿ ಬಿದ್ದ ತೆಂಗಿನ ಗರಿ ಎಳೆದು ತಂದರು. ಕತ್ತಿ ಹಿಡಿದು ಸಂಜೆಯವರೆಗೆ ಕಡ್ಡಿ ಸೀಳುತ್ತ ಕೂತರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಒಂದು ಕಡ್ಡಿಹಿಡಿಯನ್ನು ಹೆಂಡತಿಯ ಮುಂದೆ ಇಟ್ಟರು.

“ನಿಂದು ಗುಡ್ಡದೊಳಗೆ ಹೋಯ್ತಲ್ಲ,” ಎಂದರು. “ಇದು ತಗೋ. ಮಾನಸಾ... ಅಲ್ಲಿ ಮೊದಲ ಪಂಕ್ತಿ...”

ದಮಯಂತಿಬಾಯಿ ಹಿಡಿಯನ್ನು ಎತ್ತಿ ನೆಲಕ್ಕೆ ಒಮ್ಮೆ ಕುಟ್ಟಿದರು. ಕಟ್ಟು ಸಡಿಲಾಗಿ ಕಡ್ಡಿಗಳೆಲ್ಲ ಅಡುಗೆಮನೆಯ ತುಂಬ ಚೆಲ್ಲಿದವು.

“ಇದೂ ನಿಲ್ಲುದಿಲ್ಲ,” ಎಂದರು. ಆ ಮಾತನ್ನು ಕೊಂಕಣಿಯಲ್ಲಿ ಹೇಳಿದರು. ಕೇರಿಗೆ ಕೇಳಿಸಲಿಲ್ಲ.

ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕಡ್ಡಿಗಳನ್ನು ಒಂದೊಂದಾಗಿ ಆರಿಸಿ, ಬುಡ ಸಮ ಮಾಡಿ, ತಾವೇ ಬಿಗಿದು ಕಟ್ಟತೊಡಗಿದರು. “ಇಲ್ಲಿ ಬೆರಳಿಡಿ,” ಎಂದರು. ಗಂಟು ಬೀಳುವವರೆಗೆ ಗಿರಿಧರ ಮಾಮ ಬೆರಳಿಟ್ಟುಕೊಂಡು ಕುಳಿತರು.